ಓಟ ಮುಗಿದ ಮೇಲೆ

ಕೋಟೇಶ್ವರ
22 ನವೆಂಬರ್ 2024

ಚಿರಂಜೀವಿ ನಿಶ್ಮಿತಾಳಿಗೆ ಪಾಂಡು ಮಾವನ ಆಶೀರ್ವಾದಗಳು.

ನೀನು ಪಂಜಾಬಿನ ಶಿಬಿರ ಸೇರಿ ತಿಂಗಳಾಯಿತು. ಎಲ್ಲರ ಮೊಬೈಲನ್ನೂ ಕಿತ್ತಿಟ್ಟುಕೊಂಡು, ಆಯ್ಕೆ ಓಟ ಮುಗಿಯುವವರೆಗೆ ಬರೀ ಕಾಗದ, ತೀರಾ ತುರ್ತಾದರೆ ಆಫೀಸಿಗೆ ಫೋನು ಎನ್ನುವ ನಿಮ್ಮ ಕೋಚ್ ಮೇಡಂ ಯಾವ ಕಾಲದವರೋ ಏನೋ. ನನಗಂತೂ ಖುಷಿ. ಫೋನಿನಲ್ಲಾದರೆ ನೀನು ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡುತ್ತಿದ್ದೆ, ಕಾಗದದಲ್ಲಿ ಪೂರ್ತಿ ಓದಲೇಬೇಕು.

ಹೋಟೆಲಿನ ಬೋರ್ಡು ಒಂದು ದಿನವೂ ತಪ್ಪಿಲ್ಲ. ಮೇಲೆ ಬನ್ಸ್, ಗೋಳಿಬಜೆ, ಅವಲಕ್ಕಿ. ಕೆಳಗೆ ಇವತ್ತಿನ ಹುಟ್ಟುಹಬ್ಬ. ಕೊಲಾಬಾದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅಮೆರಿಕದ ಹಡಗಿನವರು ಬಿಟ್ಟುಹೋಗುತ್ತಿದ್ದ ಕ್ರೀಡಾ ಪತ್ರಿಕೆಗಳಿಂದ ಹಿಡಿದ ಹುಚ್ಚು, ಇನ್ನು ಬಿಡುವ ಹಾಗಿಲ್ಲ. ಇವತ್ತು ಬಿಲ್ಲಿ ಜೀನ್ ಕಿಂಗ್ ಹುಟ್ಟಿದ ದಿನ. ಹೆಂಗಸರ ಟೆನಿಸನ್ನು ಹೀಯಾಳಿಸಿದ ಬಾಬಿ ರಿಗ್ಸ್ ಎಂಬ ಗಂಡಸನ್ನು 1973ರಲ್ಲಿ ಎದುರು ನಿಲ್ಲಿಸಿಕೊಂಡು ಮೂರಕ್ಕೆ ಮೂರೂ ಸೆಟ್ ಸೋಲಿಸಿದವಳು. ಚಾ ಕುಡಿಯಲು ಬಂದ ಮೀನಿನ ಲಾರಿಯವರು ಓದಿ, ‘ನಿಮ್ಮ ಸೊಸೆಯ ಹಾಗೆ’ ಎಂದರು. ಅವರಿಗೆ ಅರ್ಧ ಚಾ ಹೆಚ್ಚು ಹಾಕಿಸಿದೆ.

ನಿನ್ನ ಅಪ್ಪ ಇನ್ನೂ ಬಿಗಿದುಕೊಂಡೇ ಇದ್ದಾನೆ. ಸೊಸೈಟಿಯಲ್ಲಿ ಯಾರ್ಯಾರ ಕೈಕಾಲು ಹಿಡಿದು ಮಾಡಿಸಿದ ಕೆಲಸವನ್ನು ನೀನು ಬೇಡ ಎಂದು ಹೊರಟದ್ದು ಅವನಿಗೆ ನುಂಗಲಾಗುತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವನು, “ಹೋಪುದಾರೆ ಹೋಗ್. ಸೋತ್ಕಂಡ್ ಮಾತ್ರ ಬರ್ಬೇಡ” ಎಂದದ್ದು ನನಗೂ ಚುಚ್ಚಿತು. ಆದರೆ ನೀನು ತಿರುಗಿ ನಿಂತು “ಗೆದ್ದೇ ಬತ್ತೆ” ಎಂದೆಯಲ್ಲ, ಅದನ್ನು ನಾನು ಹೋಟೆಲಿಗೆ ಬಂದವರಿಗೆಲ್ಲ ಹೇಳುತ್ತಿದ್ದೇನೆ. 1969ರಲ್ಲಿ ಅಮೆರಿಕದ ಆಟಗಾರ ಜೋ ನೇಮತ್ ಎಂಬವನು, ಯಾರೂ ನಂಬದ ತಂಡ ಕಟ್ಟಿಕೊಂಡು, ನಾವೇ ಗೆಲ್ಲುವುದು, ಗ್ಯಾರಂಟಿ ಕೊಡುತ್ತೇನೆ ಎಂದು ಪಂದ್ಯಕ್ಕೆ ಮೊದಲೇ ಹೇಳಿಬಿಟ್ಟ. ಹೇಳಿದ, ಗೆದ್ದ. ನೀನೂ ಅದೇ ಜಾತಿ.

ನಿನ್ನ ಮಾವ
ಪಾಂಡು


ಶಿಬಿರ, ಪಂಜಾಬ್
4 ಡಿಸೆಂಬರ್ 2024

ಮಾವ,

ನಿಮ್ಮ ಕಾಗದವನ್ನು ರೂಮಿನ ಹುಡುಗಿಯರಿಗೆಲ್ಲ ಹಿಂದಿಯಲ್ಲಿ ಓದಿ ಹೇಳಿದೆ. ಮಣಿಪುರದವಳೊಬ್ಬಳು, ಬನ್ಸ್ ಎಂದರೆ ಏನು ಎಂದು ಕೇಳಿದಳು. ಬಾಳೆಹಣ್ಣು ಹಾಕಿದ ಪೂರಿ ಎಂದೆ. ನೀವು ಕೇಳಿದ್ದರೆ ನನ್ನನ್ನು ಹೋಟೆಲಿನಿಂದ ಆಚೆ ಹಾಕುತ್ತಿದ್ದಿರಿ.

ಇಲ್ಲಿ ಚಳಿ ಎಂದರೆ ಚಳಿ. ಬೆಳಿಗ್ಗೆ ಟ್ರ್ಯಾಕಿನಲ್ಲಿ ಮಂಜು, ಮುಂದಿನವಳ ಬೆನ್ನು ಕಾಣುವುದಿಲ್ಲ. ನಾನೂರು ಮೀಟರಿನಲ್ಲಿ ಕೊನೆಯ ತಿರುವು ದಾಟಿದ ಮೇಲೆ ನನ್ನ ಉಸಿರು ಈಗ ಮೊದಲಿನ ಹಾಗೆ ಕೈಕೊಡುವುದಿಲ್ಲ. ಮೇಡಂ ಬೈಯುವುದನ್ನು ಕಡಿಮೆ ಮಾಡಿದ್ದಾರೆ. ಅದೇ ಇಲ್ಲಿ ಹೊಗಳಿಕೆ.

ಅಪ್ಪನಿಗೆ ಬರೆಯೋಣ ಎಂದು ಎರಡು ಸಲ ಕೂತೆ, ಕೈ ಓಡಲಿಲ್ಲ. ಏನು ಬರೆದರೂ ಜಗಳ ಮುಂದುವರಿಸಿದ ಹಾಗೆ ಕಾಣುತ್ತದೆ. ಗೆದ್ದ ಮೇಲೆ ಹೋಗಿ ಎದುರು ನಿಂತರೆ ಅರ್ಧ ಮಾತು ತಾನಾಗಿಯೇ ಮುಗಿಯುತ್ತದೆ ಅಲ್ಲವಾ? ನೀವೇ ಹೇಳಿದ ನೇಮತ್ ಕೂಡ ಗೆದ್ದದ್ದಕ್ಕೆ ನೇಮತ್. ಸೋತಿದ್ದರೆ ಬಾಯಿಬಡುಕ ಎನ್ನುತ್ತಿದ್ದರು.

ಅಮ್ಮನಿಗೆ ಹೇಳಿ, ಕಳಿಸಿದ ಒಣ ಸಿಗಡಿ ಚಟ್ನಿ ಆರೇ ದಿನಕ್ಕೆ ಖಾಲಿ.

ನಿಶ್ಮಿತಾ


ಕೋಟೇಶ್ವರ
22 ಡಿಸೆಂಬರ್ 2024

ಚಿರಂಜೀವಿ ನಿಶ್ಮಿತಾ,

ಒಂದು ವಿಶೇಷ ಸುದ್ದಿ. ನಿನ್ನ ಅಪ್ಪ ಈಗ ದಿನಾ ಸಂಜೆ ಹೋಟೆಲಿಗೆ ಬರುತ್ತಿದ್ದಾನೆ. ಬೀಜಾಡಿಯ ಮನೆಯಿಂದ ಆಟೋ ಮಾಡಿಕೊಂಡು ಬಂದು, ಗೋಡೆ ಬದಿಯ ಬೆಂಚಿನಲ್ಲಿ ಕೂತು, “ಇವತ್ ಯಾರ್ ಹುಟ್ಟದ್ ಮಾರಾಯ?” ಎಂದು ಕೇಳುತ್ತಾನೆ. ಬೋರ್ಡು ಎದುರಿಗೇ ಇದೆ, ಅವನಿಗೆ ಓದಲೂ ಬರುತ್ತದೆ. ಆದರೂ ನನ್ನ ಬಾಯಿಂದಲೇ ಆಗಬೇಕು. ನಿನ್ನೆ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಹುಟ್ಟಿದ ದಿನ. ಅವಳ ಉದ್ದುದ್ದ ಉಗುರಿನ ಸುದ್ದಿ ಹೇಳಿದೆ. ಉಗುರು ಬಿಟ್ಟುಕೊಂಡು ಮೀನು ಹೆಚ್ಚುವುದು ಹೇಗೆ ಎಂದು ಕೇಳಿದ. ಇವರಿಗೆಲ್ಲ ತಾರೀಕು ಮಾತ್ರವಾ, ನಕ್ಷತ್ರ ಇಲ್ಲವಾ ಎಂದೂ ಕೇಳಿದ. ಶಾಲೆಯವರು ನಿನ್ನ ಹುಟ್ಟಿದ ದಿನ ಎಂದು ಬರೆದ ಜೂನ್ ಒಂದನ್ನು ಅವನು ಇವತ್ತಿಗೂ ಒಪ್ಪಿಲ್ಲ. ನಿನ್ನದು ರೇವತಿ, ಅಷ್ಟೇ.

ಇವತ್ತು ಬೋರ್ಡಿಗೆ ಹುಟ್ಟುಹಬ್ಬ ಹಾಕಲಿಲ್ಲ, ಒಂದು ಘಟನೆ ಹಾಕಿದೆ. ಅಮೆರಿಕದ ಫುಟ್‌ಬಾಲಿನಲ್ಲಿ, ಅವರದ್ದು ಕೈಯಲ್ಲೇ ಆಡುವ ಫುಟ್‌ಬಾಲು, ಬ್ರೆಟ್ ಫಾರ್ವ್ ಎಂಬವನಿದ್ದ. 2003ರಲ್ಲಿ ಅವನ ಅಪ್ಪ ತೀರಿಹೋದ. ಮರುದಿನವೇ, ಡಿಸೆಂಬರ್ ಇಪ್ಪತ್ತೆರಡಕ್ಕೆ, ಅವನು ಅಂಗಳಕ್ಕಿಳಿದು ಜನ್ಮದಲ್ಲಿ ಆಡದ ಆಟ ಆಡಿದ. ಎದುರು ತಂಡದ ಊರಿನವರೂ ಚಪ್ಪಾಳೆ ತಟ್ಟಿದರಂತೆ. ನಿನ್ನ ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದು ಮಾತು ಹೇಳಿದ. ಅದನ್ನು ನೀನು ಬಂದ ಮೇಲೆ ಹೇಳುತ್ತೇನೆ.

ಅವನು ಈಗ ದೋಣಿಗೆ ಹೋಗುತ್ತಿಲ್ಲ. ಸ್ವಲ್ಪ ಉಬ್ಬಸ. ಚಳಿಗೆ ಹಾಗಾಗುತ್ತದೆ. ಮಣಿಪಾಲಕ್ಕೆ ಒಮ್ಮೆ ತೋರಿಸಿಕೊಂಡು ಬಂದೆವು. ನೀನು ತಲೆಬಿಸಿ ಮಾಡಬೇಡ. ಓಡುವವಳ ತಲೆಯಲ್ಲಿ ಓಟ ಮಾತ್ರ ಇರಬೇಕು.

ಪಾಂಡು ಮಾವ


ಶಿಬಿರ
5 ಜನವರಿ 2025

ಮಾವ,

ಅಪ್ಪ ಬೆಂಚಿನಲ್ಲಿ ಕೂತು ಕೇಳುತ್ತಾನೆ ಎಂದು ಓದಿ ನನಗೆ ನಗು ಬಂತು, ಆಮೇಲೆ ಅಳು ಬಂತು. ಆ ಮಾತು ಏನು? ಹೀಗೆ ಅರ್ಧ ಹೇಳಿ ಬಿಡುವುದು ನಿಮ್ಮ ಹಳೇ ಚಾಳಿ.

ನನ್ನ ತಯಾರಿ ಚೆನ್ನಾಗಿದೆ. ಕಳೆದ ವಾರದ ಓಟದಲ್ಲಿ ನನ್ನದು ಎರಡನೆಯ ಒಳ್ಳೆಯ ಟೈಮಿಂಗ್. ಮಧ್ಯೆ ತೊಡೆಯ ಹಿಂದೆ ಸ್ವಲ್ಪ ಹಿಡಿದ ಹಾಗಾಗಿತ್ತು, ಈಗ ಏನೂ ಇಲ್ಲ. ಸ್ಟೋರ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ, ಇಲ್ಲಿ ಹೀಟರ್ ಇದೆ, ಬೆಚ್ಚಗಿರುತ್ತದೆ. ಬೇಕಾದವರು ಮನೆಗೆ ಹೋಗಿ ಬರಬಹುದು ಎಂದು ಮೇಡಂ ಹೇಳಿದ್ದರು. ನಾನು ಹೋಗುವುದಿಲ್ಲ ಎಂದೆ. ಈಗ ಬಂದರೆ ಊರಿನವರು, ಏನಾಯಿತು, ಕಳಿಸಿಬಿಟ್ಟರಾ ಎಂದು ಕೇಳುವುದಿಲ್ಲವಾ?

ಅಪ್ಪನಿಗೆ ಬೆಲ್ಲದ ಕಷಾಯ ಮಾಡಿಕೊಡಲು ಅಮ್ಮನಿಗೆ ಹೇಳಿ. ಬೀಡಿ ಬಿಡಲಿ. ಫೆಬ್ರವರಿಯಲ್ಲಿ ಓಟ ಮುಗಿದ ಕೂಡಲೇ ರೈಲು ಹತ್ತುತ್ತೇನೆ.

ನಿಶ್ಮಿತಾ


ಕೋಟೇಶ್ವರ
17 ಜನವರಿ 2025

ಚಿರಂಜೀವಿ ನಿಶ್ಮಿತಾ,

ಇವತ್ತು ಮುಹಮ್ಮದ್ ಅಲಿ ಹುಟ್ಟಿದ ದಿನ. ದೊಡ್ಡ ಬಾಕ್ಸರ್.

ಹೋಟೆಲಿಗೆ ಸುಣ್ಣ ಬಳಿಸುವುದಿತ್ತು. ಕೆಲವು ದಿನ ಬಾಗಿಲು ಹಾಕಿದ್ದೇನೆ. ನಿನ್ನ ಅಮ್ಮ ಇದ್ದಾಳೆ. ನೀನು ಮನಸ್ಸಿಟ್ಟು ಓಡು. ಬೇರೆ ಯಾವುದರ ಬಗ್ಗೆಯೂ ಯೋಚನೆ ಬೇಡ.

ಪಾಂಡು ಮಾವ


ಶಿಬಿರ
31 ಜನವರಿ 2025

ಮಾವ,

ಇದೆಂಥ ಕಾಗದ? ಅಲಿಯಂಥವನಿಗೆ ಎರಡೇ ಪದ? ಅವನ ಸುದ್ದಿ ಎತ್ತಿದರೆ ನೀವು ದೋಸೆ ಕರಟಿದರೂ ನಿಲ್ಲಿಸುವವರಲ್ಲ. ಮತ್ತೆ ಜನವರಿಯಲ್ಲಿ ಯಾರು ಸುಣ್ಣ ಬಳಿಸುತ್ತಾರೆ? ಅಪ್ಪನ ಸುದ್ದಿಯೂ ಇಲ್ಲ. ನನಗೆ ಗೊತ್ತಾಯಿತು ಬಿಡಿ. ನೀವಿಬ್ಬರೂ ಜಗಳ ಮಾಡಿಕೊಂಡಿದ್ದೀರಿ, ನನ್ನ ವಿಷಯಕ್ಕೇ ಇರಬೇಕು. ಅಪ್ಪ ಬೆಂಚಿಗೆ ಬರುವುದನ್ನು ಬಿಟ್ಟಿದ್ದಾನೆ, ನೀವು ಬೇಜಾರಿನಲ್ಲಿದ್ದೀರಿ. ನೀವೇ ಸಣ್ಣವರಾಗಿ ಹೋಗಿ ಕರೆಯಿರಿ ಮಾವ. ಅವನಿಗೆ ಬರಬೇಕು ಅಂತಲೇ ಇರುತ್ತದೆ, ಕಾಲು ಬರುವುದಿಲ್ಲ. ನನಗೂ ಅದೇ ರೋಗ.

ಕೆಳಗಿನದನ್ನು ಅಪ್ಪನಿಗೆ ಓದಿ ಹೇಳಿ. ನೀವು ಓದಿದರೇ ಅವನು ಕೇಳುವುದು.

ಅಪ್ಪ, ನಾನು ಬಸ್ ಸ್ಟ್ಯಾಂಡಿನಲ್ಲಿ ಜೋರು ಮಾತಾಡಬಾರದಿತ್ತು. ನೀನು ಸೊಸೈಟಿಯವರ ಮನೆ ಬಾಗಿಲಿಗೆ ಹೋಗಿ ನಿಂತದ್ದು ನನಗೆ ಗೊತ್ತು. ಯಾರ ಮುಂದೆಯೂ ತಲೆ ಬಗ್ಗಿಸದ ತಾಂಡೇಲ ನೀನು, ದೋಣಿಯಲ್ಲಿ ನಿನ್ನ ಮಾತಿಗೆ ಎದುರಿಲ್ಲ. ನನಗೋಸ್ಕರ ತಲೆ ಬಗ್ಗಿಸಿದೆ. ನಾನು ಅದನ್ನು ಒಂದು ಸಲವೂ ಹೇಳಲಿಲ್ಲ. ಬಂದ ಮೇಲೆ ನಿನ್ನ ಎದುರೇ ಹೇಳುತ್ತೇನೆ. ನಾನು ಬರುವುದರೊಳಗೆ ಉಬ್ಬಸ ಗುಣ ಮಾಡಿಕೋ.

ನಿಶ್ಮಿತಾ


ಕೋಟೇಶ್ವರ
17 ಫೆಬ್ರವರಿ 2025

ಮಗಳೇ ನಿಶ್ಮಿತಾ,

ಆಯ್ಕೆ ಓಟ ಮುಗಿದಿದೆ, ನಿಮ್ಮ ಫೋನುಗಳನ್ನು ಕೊಟ್ಟಿದ್ದಾರೆ ಎಂದು ಆಫೀಸಿನವರು ಹೇಳಿದರು. ನೀನು ನಮ್ಮ ಫೋನು ಎತ್ತುತ್ತಿಲ್ಲ. ಎತ್ತಿದ್ದರೂ ನನ್ನಿಂದ ಹೇಳಲಾಗುತ್ತಿರಲಿಲ್ಲವೋ ಏನೋ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನಿನ್ನ ಅಪ್ಪ ಇಲ್ಲ. ಜನವರಿ ಹನ್ನೆರಡರಂದು ಬೆಳಿಗ್ಗೆ ಬೀಜಾಡಿಯ ಮನೆಯಲ್ಲೇ ಹೋದ. ಉಬ್ಬಸ ಅಲ್ಲ, ಹೃದಯ. ಕ್ರಿಸ್ಮಸ್ ಮುಗಿದ ಮೇಲೆ ಆಸ್ಪತ್ರೆಗೆ ಸೇರಿಸಿದ್ದೆವು. ಇನ್ನು ಮಾಡುವುದೇನಿಲ್ಲ, ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿದ ಮೇಲೆ ಕರೆದುಕೊಂಡು ಬಂದೆವು. ದೊಡ್ಡಪ್ಪನ ಮಗ ನಿತೇಶ್ ಬೆಂಕಿ ಕೊಟ್ಟ. ಹದಿಮೂರನೆಯ ದಿನದ ಬೊಜ್ಜದ ಕ್ರಿಯೆಗಳೂ ಮುಗಿದಿವೆ. ಸುಣ್ಣದ ಸುದ್ದಿ ಸುಳ್ಳು.

ಹೇಳಬಾರದು ಎಂದು ತೀರ್ಮಾನ ಮಾಡಿದ್ದು ನಾನು. ನಿನ್ನ ಅಮ್ಮ ಎರಡು ಸಲ ಶಿಬಿರದ ಆಫೀಸಿನ ನಂಬರು ಕೇಳಿದಳು, ನಾನು ಕೊಡಲಿಲ್ಲ. ಅವಳನ್ನು ಬೈಯಬೇಡ. ಅವತ್ತು ಫಾರ್ವ್‌ನ ಕಥೆ ಕೇಳಿ ನಿನ್ನ ಅಪ್ಪ ಹೇಳಿದ ಮಾತನ್ನು ಬಂದ ಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇದು: “ನಂಗ್ ಎಂತಾರೂ ಆರೆ ಹೆಣ್ಣ್ ಓಡ್ಲಿ. ಓಟ ಮುಗ್ದ್ ಮೇಲ್ ಹೇಳ್ರೆ ಸಾಕ್.” ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಿನ್ನ ಓಟ ಕೆಡಬಾರದು ಎಂಬುದು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ಪೇಪರಿನಲ್ಲಿ ಫಲಿತಾಂಶ ನೋಡಿದೆ. ಎರಡು ಸಲ ಮೇಲಿಂದ ಕೆಳಗೆ ಓದಿದೆ. ಅಮೆರಿಕದ ಯಾವ್ಯಾವುದೋ ವರ್ಷದ ಯಾರ್ಯಾರದೋ ಹೆಸರು ನೆನಪಿಟ್ಟುಕೊಂಡವನಿಗೆ ನಿನ್ನ ಒಂದು ಹೆಸರು ಸಿಗಲಿಲ್ಲ. ಸೋತರೆ ಸೋತೆ, ಏನೂ ಆಗಲಿಲ್ಲ. ಮನೆಗೆ ಬಾ.

ಪಾಂಡು


ಶಿಬಿರ
26 ಫೆಬ್ರವರಿ 2025

ಮಾವ,

ಅಮ್ಮನಿಗೆ ಫೋನು ಮಾಡಿದೆ. ಇಬ್ಬರೂ ಅತ್ತೆವು. ನಿಮಗೆ ಫೋನು ಮಾಡುವುದಿಲ್ಲ. ನಿಮ್ಮ ಧ್ವನಿ ಕೇಳಿದರೆ ನಾನು ಏನು ಅಂದುಬಿಡುತ್ತೇನೋ ಎಂದು ಹೆದರಿಕೆ.

ನಾನು ಸೋಲಲಿಲ್ಲ ಮಾವ. ಓಡಲೇ ಇಲ್ಲ. ಡಿಸೆಂಬರ್ ಎರಡನೆಯ ವಾರ ಕೊನೆಯ ತಿರುವಿನಲ್ಲಿ ತೊಡೆಯ ಹಿಂದಿನ ಸ್ನಾಯು ಹರಿಯಿತು. ಕೋಲು ಹಿಡಿದು ನಡೆಯುತ್ತಿದ್ದೆ. ಫೆಬ್ರವರಿಯ ಓಟ ಇಲ್ಲ, ಮನೆಗೆ ಹೋಗಿ ತಿಂಗಳು ಇದ್ದು ಬಾ, ಟಿಕೆಟ್ ನಾನೇ ಮಾಡಿಸುತ್ತೇನೆ ಎಂದು ಮೇಡಂ ಹೇಳಿದರು. ಬೇಡ ಎಂದು ಅವರ ಕಾಲು ಹಿಡಿಯುವುದೊಂದು ಬಾಕಿ. ಸ್ಟೋರ್ ರೂಮಿನಲ್ಲಿ ಕೂತು ಬೇರೆಯವರ ಶೂಗಳಿಗೆ ಲೇಸು ಹಾಕಿಕೊಡುತ್ತಿದ್ದೆ. ನಿಮಗೆ ಟೈಮಿಂಗ್ ಬರೆದದ್ದು ಅಲ್ಲಿಂದಲೇ.

ಅಪ್ಪ ಬೆಂಚಿನಲ್ಲಿ ಕೂತು ಯಾರು ಹುಟ್ಟಿದ್ದು ಎಂದು ಕೇಳುತ್ತಿದ್ದಾಗ ನಾನು ಖಾಲಿ ಕೂತಿದ್ದೆ. ನೀವು ಅವನನ್ನು ಆಸ್ಪತ್ರೆಯಿಂದ ತಂದಾಗಲೂ ಖಾಲಿ ಕೂತಿದ್ದೆ. ನೀವು ಕೆಡಬಾರದು ಎಂದು ಕಾದ ಓಟ ಇರಲೇ ಇಲ್ಲ. ನಾನು ನಿಜ ಬರೆದಿದ್ದರೆ ನೀವು ಕರೆಸುತ್ತಿದ್ದಿರಿ. ನೀವು ನಿಜ ಬರೆದಿದ್ದರೆ ನಾನು ಕುಂಟಿಕೊಂಡೇ ಬರುತ್ತಿದ್ದೆ. ಆದರೆ ಗೆದ್ದೇ ಬರುತ್ತಾಳೆ ಎಂದು ನೀವು ಕೋಟೇಶ್ವರಕ್ಕೆಲ್ಲ ಸಾರಿದ ಮೇಲೆ ನಾನು ಕೋಲು ಹಿಡಿದು ಯಾವ ಮುಖದಲ್ಲಿ ಬಸ್ಸಿಳಿಯಲಿ?

ಇನ್ನೊಂದು. ಫಾರ್ವ್‌ನ ಕಥೆ ನೀವು ಸರಿಯಾಗಿಯೇ ಬರೆದಿರಿ, ಸರಿಯಾಗಿ ಓದಿಕೊಳ್ಳಲಿಲ್ಲ. ಅವನಿಗೆ ಅಪ್ಪ ಸತ್ತದ್ದು ಗೊತ್ತಿತ್ತು ಮಾವ. ಆಡಬೇಕೋ ಮನೆಗೆ ಹೋಗಬೇಕೋ ಎಂದು ಅವನೇ ತೀರ್ಮಾನ ಮಾಡಿದ. ನನ್ನ ತೀರ್ಮಾನವನ್ನು ನೀವು ಮಾಡಿದಿರಿ.

ಕೊನೆಯಲ್ಲಿ ಅಪ್ಪ ನನ್ನನ್ನು ಕೇಳಿದನಾ? ನನಗೆ ಹಿತವಾಗುವ ಹಾಗೆ ಬರೆಯಬೇಡಿ. ಇದ್ದದ್ದು ಬರೆಯಿರಿ.

ನಿಶ್ಮಿತಾ


ಕೋಟೇಶ್ವರ
8 ಮಾರ್ಚ್ 2025

ಮಗಳೇ,

ನೀನು ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ. ಬೋರ್ಡಿನಲ್ಲಿ ಈಗ ತಿಂಡಿ ಮಾತ್ರ ಬರೆಯುತ್ತೇನೆ. ಯಾಕೆ ಎಂದು ಕೇಳಿದವರಿಗೆ ಕಣ್ಣು ಮಂಜು ಎನ್ನುತ್ತೇನೆ.

ಕೇಳಿದ. ಇದ್ದದ್ದನ್ನೇ ಬರೆಯುತ್ತೇನೆ. ಆಸ್ಪತ್ರೆಯಲ್ಲಿದ್ದಾಗ ಅವನು ನೆಮ್ಮದಿಯಾಗಿಯೇ ಇದ್ದ. ಹೆಣ್ಣು ಫೆಬ್ರವರಿಗೆ ಓಡುತ್ತದೆ, ಆಮೇಲೆ ಬರುತ್ತದೆ ಎಂದು ನರ್ಸುಗಳಿಗೆಲ್ಲ ಹೇಳುತ್ತಿದ್ದ. ಬಸ್ ಸ್ಟ್ಯಾಂಡಿನ ಆ ಮಾತು ಆಡಬಾರದಿತ್ತು ಎಂದು ಒಮ್ಮೆ ಹೇಳಿದ. ನಾನು ಸಮಾಧಾನ ಮಾಡಿದೆ. ಮನೆಗೆ ತಂದ ಮರುದಿನ, ಹತ್ತನೆಯ ತಾರೀಕು, ಉಸಿರು ಕಟ್ಟತೊಡಗಿತು. ಫೆಬ್ರವರಿ ಬಹಳ ದೂರ ಎಂದು ಅವನಿಗೂ ಗೊತ್ತಾಗಿರಬೇಕು. ಓಟ ಮುಗಿಯಿತಾ ಎಂದು ಪದೇ ಪದೇ ಕೇಳಿದ. ನನಗೆ ನೋಡಲಾಗಲಿಲ್ಲ. ಖುಷಿಯಲ್ಲಿ ಹೋಗಲಿ ಎಂದು ಹೇಳಿಬಿಟ್ಟೆ.

“ಮುಗ್ದಿತ್ ಭಾವ. ಹೆಣ್ಣ್ ಗೆದ್ದಿತ್.”

ಅವನ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವನು, “ಗೆದ್ರೆ ಬತ್ತೆ ಅಂದಿತ್ತಲ್ದಾ. ಹಂಗಾರೆ ಬತ್ತ್” ಎಂದ. ಮಂಚವನ್ನು ಚಾವಡಿಯ ಬಾಗಿಲಿಗೆ ಮುಖ ಮಾಡಿ ಹಾಕಿಸಿಕೊಂಡ. ಅಲ್ಲಿಂದ ಕೊನೆಯವರೆಗೆ ದಾರಿಯಲ್ಲಿ ಯಾವ ಆಟೋ ಸದ್ದಾದರೂ ಒಂದೇ ಮಾತು.

“ಹೆಣ್ಣ್ ಬಂತಾ?”

ನಿನ್ನ ಅಮ್ಮ ಒಳಗೆ ಹೋಗಿ ಅಳುತ್ತಿದ್ದಳು. ನಾನು, ಹೆಣ್ಣು ರೈಲಿನಲ್ಲಿದೆ, ಗೋವಾ ದಾಟಿತು, ಕಾರವಾರ ದಾಟಿತು ಎಂದು ಹೇಳುತ್ತಾ ಹೋದೆ. ಫೆಬ್ರವರಿಗೆ ಬರುತ್ತಾಳೆ ಎಂಬುದನ್ನೇ ಹಾಗೇ ಬಿಟ್ಟಿದ್ದರೆ ಅವನು ಬಾಗಿಲು ನೋಡುತ್ತಿರಲಿಲ್ಲ. ಗೆಲುವಿನ ಸುದ್ದಿ ಕೊಟ್ಟು ನಾನು ಅವನಿಗೆ ನಿಜವಾಗಿ ಕೊಟ್ಟದ್ದು ಕಾಯುವ ಕೆಲಸ. ಬರುವವಳಿಗೆ ಗೊತ್ತೇ ಇಲ್ಲ, ಕಾಯುವವನು ಕಾಯುತ್ತಿದ್ದಾನೆ. ನಡುವೆ ನಾನೊಬ್ಬ ಸ್ಟೇಷನ್ನುಗಳ ಹೆಸರು ಹೇಳುತ್ತಿದ್ದೆ.

ಕ್ಷಮಿಸು ಎಂದು ಬರೆದು ಅಳಿಸಿದೆ. ನೀನು ಯಾವಾಗ ಬರುತ್ತೀ ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಅಮ್ಮನ ಪರವಾಗಿ ಕೇಳುತ್ತಿದ್ದೇನೆ.

ಪಾಂಡು


ಶಿಬಿರ
29 ಮಾರ್ಚ್ 2025

ಮಾವ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಬೈದು ಬರೆದ ಮೂರನ್ನು ಹರಿದು ಹಾಕಿದೆ. ನೀವು ಕಾರವಾರ ದಾಟಿತು ಎಂದು ಹೇಳುವಾಗ ನಿಮ್ಮ ಮುಖ ಹೇಗಿದ್ದಿರಬಹುದು ಎಂದು ಯೋಚಿಸಿದರೆ ಸಿಟ್ಟು ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಹೋಗಿಲ್ಲ. ಹೋಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಕಾಲು ಈಗ ಪರವಾಗಿಲ್ಲ. ನಿಧಾನಕ್ಕೆ ಓಡಬಹುದು ಎಂದಿದ್ದಾರೆ. ನನಗೆ ಈಗ ಓಡುವ ಮನಸ್ಸಿಲ್ಲ. ಮುಂದೆ ಬಂದರೆ ನೋಡೋಣ.

ಇವತ್ತು ಪೇಟೆಗೆ ಹೋಗಿ ಟಿಕೆಟ್ ಮಾಡಿಸಿದೆ. ದೆಹಲಿಯಲ್ಲಿ ರೈಲು ಬದಲಿಸಿದರೆ ನೇರ ಕುಂದಾಪುರ. ಅಮ್ಮನಿಗೆ ಹೇಳಿದ್ದೇನೆ. ನೀವು ಸ್ಟೇಷನ್ನಿಗೆ ಬರುವುದಾದರೆ ಬನ್ನಿ, ಆದರೆ ದಾರಿಯಲ್ಲಿ ಸಿಕ್ಕವರು ಕೇಳಿದರೆ ಇದ್ದದ್ದನ್ನೇ ಹೇಳಿ. ಗೆದ್ದಿಲ್ಲ, ಓಡಿಯೇ ಇಲ್ಲ, ಮನೆಗೆ ಬರುತ್ತಿದ್ದಾಳೆ ಎನ್ನಿ.

ಟಿಕೆಟ್ ಕೌಂಟರಿನಲ್ಲಿ ನನ್ನ ಮುಂದೆ ಹೆಚ್ಚು ಜನ ಇರಲಿಲ್ಲ. ಒಳಗಿದ್ದವನು ಊರಿನ ಹೆಸರು ಕೇಳಿದ, ಬರೆದುಕೊಂಡ, ಟಿಕೆಟ್ ಕೊಟ್ಟ. ಯಾಕೆ ಹೋಗುತ್ತಿದ್ದೀ, ಗೆದ್ದೆಯಾ ಸೋತೆಯಾ ಎಂದು ಕೇಳಲಿಲ್ಲ. ಗೆಲ್ಲದೆ ಮನೆಗೆ ಬರುವುದು ಇಷ್ಟೇ ಕೆಲಸ ಎಂದು ಡಿಸೆಂಬರಿನಲ್ಲಿ ನನಗೆ ಯಾರೂ ಹೇಳಲಿಲ್ಲ ಮಾವ. ನಾನೂ ಯಾರನ್ನೂ ಕೇಳಲಿಲ್ಲ.

ನಿಶ್ಮಿತಾ